ಮೂವತ್ತಾರನೆಯ ಚಿತ್ರ

ಹೆಬ್ಬೆರಳಿಗೆ ಮರಳು ತಾಗಿತು, ಒಂದೇ ಒಂದು ಕಾಳು, ಉಜ್ಜಬಾರದು, ಉಜ್ಜಿದರೆ ಅಕ್ಕನ ಮುಖಕ್ಕೆ ಗೀರು ಬೀಳುತ್ತದೆ — ಈ ಕತ್ತಲೆ ಕೋಣೆಯಲ್ಲಿ ಕಣ್ಣು ತೆರೆದರೂ ಒಂದೇ ಮುಚ್ಚಿದರೂ ಒಂದೇ, ಆದರೂ ಮುಚ್ಚಿಕೊಂಡು ಫಿಲ್ಮನ್ನು ಒಂದೊಂದೇ ಇಂಚು ಬಿಡಿಸುತ್ತಿದ್ದೇನೆ, ಮೊದಲ ಸುತ್ತು ಅಂಟು, ಎರಡನೆಯದೂ ಅಂಟು, ಪದರ ಬಿಡುವಾಗ ಚರ್ ಎನ್ನುತ್ತದೆ, ಇಪ್ಪತ್ತು ದಿನ ಮಣ್ಣಿನಲ್ಲಿದ್ದದ್ದು ಇನ್ನು ಹೇಗಿರಬೇಕು. ಹೂತವಳು ನಾನೇ. ಕಲ್ಲಿನ ಕ್ವಾರಿಯ ಚಿತ್ರ ತೆಗೆದರೆ ಆ ರೀಲನ್ನು ಕ್ವಾರಿಯ ಮಣ್ಣಿನಲ್ಲೇ ಹೂಳುವುದು, ಕೆರೆಯದಾದರೆ ಕೆರೆಯ ಕೆಸರಿನಲ್ಲಿ, ನೆಲ ತನ್ನ ಚಿತ್ರವನ್ನು ತಾನೇ ತಿಂದು ಉಳಿಸಿದ್ದನ್ನು ತೊಳೆದು ತೆಗೆಯುವುದು, ಹನ್ನೆರಡು ವರ್ಷದಿಂದ ನನ್ನ ಕಸುಬು ಇದೇ, ಮಣ್ಣಲ್ಲಿ ಹೂತಿಟ್ರೆ ಫೋಟೋ ಮೊಳಕೆ ಬರತ್ತೇನೇ ಅಂತ ಅಕ್ಕ ನಗುತ್ತಿದ್ದಳು, ನಗುವಾಗ ಅಂಗೈ ಬಾಯಿಗೆ ಅಡ್ಡ, ಕ್ಯಾಮೆರಾ ಕಂಡರಂತೂ ಇಡೀ ಮುಖಕ್ಕೆ ಅಡ್ಡ, ಹಲ್ಲು ಉಬ್ಬು ಕಣೇ, ಬೇಡ. ಹೂಳಬೇಕಾದ ರೀಲಿನ ತುದಿಯನ್ನು ಕಚ್ಚಿ ಗುರುತು ಮಾಡುತ್ತೇನೆ, ಬರೆದದ್ದು ಅಳಿಸಬಹುದು, ಕಚ್ಚಿದ್ದು ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ — ಆವತ್ತು ಆಸ್ಪತ್ರೆಯಲ್ಲಿ ಅಕ್ಕನ ರೀಲು ಮುಗಿದಾಗ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದನ್ನು ಅವಳು ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಲು ಮನಸ್ಸಾಗದೆ ರೀಲನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಅಷ್ಟೇ. ಅವಳು ಹೋಗಿ ಹತ್ತು ದಿನಕ್ಕೆ ಚೀಲದಲ್ಲಿ ಕೈಯಾಡಿಸಿದೆ, ಕಚ್ಚಿದ ತುದಿ ಸಿಕ್ಕಿತು, ಕ್ವಾರಿಯದೇ ಎಂದುಕೊಂಡು ಹೂತು ಬಂದೆ. ನಿನ್ನೆ ಕ್ವಾರಿಯ ರೀಲು ಚೀಲದಲ್ಲೇ ಸಿಕ್ಕಿದಾಗ ಗೊತ್ತಾಯಿತು, ಓಡಿಹೋಗಿ ಅಗೆದು ತಂದೆ.

ಬಾಗಿಲಾಚೆ ಭಾವ ಕೆಮ್ಮುತ್ತಾರೆ, ಆಯ್ತೇನಮ್ಮ, ಇನ್ನೂ ಇಲ್ಲ ಭಾವ, ಬಾಗಿಲು ತೆಗೀಬೇಡಿ. ಹೂತದ್ದನ್ನು ಅವರಿಗೆ ಹೇಳಿಲ್ಲ, ರೀಲು ಹಳೆಯದು, ಬರದೇ ಇರಬಹುದು ಎಂದಷ್ಟೇ ಹೇಳಿದ್ದೇನೆ, ಹೇಡಿ ನಾನು. ಅವರದು ಒಂದೇ ಮಾತು, ಮದುವೆ ಫೋಟೋದಲ್ಲೂ ಅಂಗೈ, ಗುರುತಿನ ಚೀಟೀಲಿ ಯಾರೋ ಕಳ್ಳಿ ಥರ ಇದಾಳೆ, ಇಪ್ಪತ್ತಾರು ವರ್ಷ ನಾನು ಅಂಗೈ ಜೊತೆ ಸಂಸಾರ ಮಾಡಿದ್ನಾ, ಒಂದು ಮುಖ ಕೊಡಮ್ಮ ಸಾಕು. ಸುರುಳಿಗೆ ಸುತ್ತಿ ಮುಗಿಯಿತು, ಬೆಳಕು ಹೊಗದ ಡಬ್ಬಿಯ ಮುಚ್ಚಳ ಬಿಗಿದೆ, ದೀಪ ಹಾಕಿದೆ, ಡೆವಲಪರ್ ಸುರಿದೆ, ಇನ್ನು ಒಂಬತ್ತು ನಿಮಿಷ, ನಿಮಿಷಕ್ಕೊಮ್ಮೆ ಡಬ್ಬಿ ಮಗುಚಬೇಕು, ಕೆಟ್ಟ ಮೇಲೆ ಬುದ್ಧಿ ಬಂತು ಅಂದಹಾಗಾಯಿತು — ಆದರೆ ತೇವ ಹೊರಗಿನಿಂದ ಒಳಗೆ ಹೋಗುತ್ತದೆ, ರೀಲು ಹಿಂದಕ್ಕೆ ಸುತ್ತಿಕೊಂಡಾಗ ಮೊದಲ ಚಿತ್ರ ಹೊರಗೆ, ಮೂವತ್ತಾರನೆಯದು ಎಲ್ಲಕ್ಕಿಂತ ಒಳಗೆ, ಕೊನೆಯ ಸುತ್ತುಗಳು ಬೆರಳಿಗೆ ನುಣ್ಣಗಿದ್ದವು, ಹೌದು, ನುಣ್ಣಗೇ ಇದ್ದವು. ಮೂವತ್ತೈದರಲ್ಲೂ ಅಂಗೈ, ಹೋದರೆ ಹೋಗಲಿ. ಮೂವತ್ತಾರಕ್ಕೆ ಅಂದೆ, ಅಕ್ಕಾ ಒಂದೇ ಒಂದು, ಭಾವನಿಗೋಸ್ಕರ, ಸಾಯ್ತಿರೋಳಿಗೂ ಬಿಡುವಿಲ್ಲ ನೋಡು ಎಂದಳು, ಮೆಲ್ಲಗೆ ಅಂಗೈ ಇಳಿಯಿತು, ಹಲ್ಲು ಕಾಣುವ ಹಾಗೆ ನಕ್ಕಳು, ಒತ್ತಿದೆ, ನನಗೆ ಚೆನ್ನಾಗಿ ನೆನಪಿದೆ, ಇಳಿಯಿತು, ಒತ್ತಿದೆ.

ಏಳು. ಎಂಟು. ಒಂಬತ್ತು. ಫಿಕ್ಸರೂ ಮುಗಿಯಿತು, ಮುಚ್ಚಳ ತೆಗೆದು ನೀರಲ್ಲಿ ಅದ್ದಿದರೆ ಮೊದಲ ಚಿತ್ರಗಳ ಲೇಪ ಹಾಲಿನ ಕೆನೆಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ತೇಲಿತು, ಹತ್ತರ ತನಕ ಏನೂ ಇಲ್ಲ, ಇಪ್ಪತ್ತರಲ್ಲಿ ತೂತು, ಮೂವತ್ತರಲ್ಲಿ ಮಂಚದ ಸರಳು, ಹೊದಿಕೆ, ಅಂಗೈ, ಅಂಗೈ — ಮೂವತ್ತಾರು, ಒಂದು ಚುಕ್ಕೆಯಿಲ್ಲ, ಮಣ್ಣು ಮುಟ್ಟೇ ಇಲ್ಲ, ಬಲ್ಬಿಗೆ ಹಿಡಿದೆ. ಅಂಗೈ. ಒತ್ತಿದಾಗ ಕ್ಯಾಮೆರಾದೊಳಗಿನ ಕನ್ನಡಿ ಏಳುತ್ತದೆ, ನೋಡುವ ಕಿಂಡಿ ಕಪ್ಪಾಗುತ್ತದೆ, ಫಿಲ್ಮಿಗೆ ಸಿಕ್ಕುವುದು ನನಗೆ ಕಾಣದ ಆ ಚಣ ಮಾತ್ರ, ಅಂದರೆ ಮೊದಲು ಒತ್ತಿದೆ, ಆಮೇಲೆ ಇಳಿಸಿದಳು, ಕಿಂಡಿ ಮತ್ತೆ ತೆರೆದಾಗ ನಕ್ಕಳು, ಆ ನಗು ನನಗೊಬ್ಬಳಿಗೇ ಸಿಕ್ಕಿತು, ಯಾರಿಗೂ ಕೊಡಲಾರೆ. ಮುಖ ಬಂತೇನಮ್ಮ ಎನ್ನುತ್ತಾರೆ ಭಾವ, ರೀಲು ಹಳೇದು, ಬರ್ಲಿಲ್ಲ ಅಂದರೆ ನಂಬುತ್ತಾರೆ, ಅಷ್ಟು ಸುಲಭ, ಬಾಯಿ ತೆರೆದೆ, ಬಲ್ಬಿನ ಮುಂದೆ ಅಂಗೈ, ಐದು ಬೆರಳೂ ಬಿಡಿಬಿಡಿ, ನೆಗೆಟಿವಿನಲ್ಲಿ ಕಪ್ಪು ಅಂಗೈ, ಅದರ ಮೇಲೆ ಬಿಳಿ ಗೆರೆ, ಒಂದೊಂದು ಗೆರೆಯೂ ಸ್ಪಷ್ಟ, ಅಂಗೈ