ಆರೋಗ್ಯಮ್ಮನ ಸಾಕ್ಷಿ

ನಾಲ್ಕು ತಿಂಗಳಿಂದ ಹರಿಹರದ ಚರ್ಚಿನಲ್ಲಿ ಮಂಡಿಯೂರಿ ಆರೋಗ್ಯಮ್ಮ ಬೇಡುತ್ತಿದ್ದುದು ಒಂದೇ: ನಿಂಗರಾಜನ ಕೈ ಸೇದಿಹೋಗಲಿ. ಪಕ್ಕದವರು ಮಗಳ ಮದುವೆಗೆಂದೋ ಸೊಂಟದ ನೋವಿಗೆಂದೋ ಮೇಣದಬತ್ತಿ ಹಚ್ಚಿದರೆ, ಇವಳು ಎಡಗೈಯಲ್ಲಿ ಕಡ್ಡಿ ಗೀರಲು ಹೆಣಗಾಡಿ, ಹಚ್ಚಿ, ಮಾತೆಯ ಮುಂದೆ ಅವನ ಹೆಸರು ಹಿಡಿದು ಶಪಿಸುತ್ತಿದ್ದಳು. ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು ಮಾತ್ರ.

ಗುತ್ತೂರಿನ ಪಕ್ಕದ ಚೀಲದ ಕಾರ್ಖಾನೆಯಲ್ಲಿ ಅವಳದು ಕತ್ತರಿಸುವ ಯಂತ್ರದ ಕೆಲಸ. ಆ ದಿನ ಬೆಳಗ್ಗೆ ಬಂದಾಗ ಬ್ಲೇಡಿನ ಮುಂದಿನ ಕಬ್ಬಿಣದ ಜಾಲರಿ ಇರಲಿಲ್ಲ. ಕೇಳಿದ್ದಕ್ಕೆ ಮೇಲ್ವಿಚಾರಕ ನಿಂಗರಾಜ, "ಹಂಗೇ ನಡೆಸು, ಲಾರಿ ಕಾಯ್ತೈತೆ" ಎಂದು ಗೇಟಿನ ಕಡೆ ಹೋದ. ಅರ್ಧ ಗಂಟೆಯಲ್ಲಿ ನಾಲ್ಕು ಬೆರಳು ಹೋದವು. ಅವಳಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಅವನು ಊರೆಲ್ಲ ಹಬ್ಬಿಸಿದ: "ಜಾಲರಿ ತೆಗೆದೋಳು ಅವಳೇ. ಬೇಗ ಮುಗಿಸೋ ಆಸೆ." ಬೆರಳಿನ ನೋವು ಕಡಿಮೆಯಾಯಿತು, ಈ ಮಾತಿನದು ಆಗಲಿಲ್ಲ.

ದಾವಣಗೆರೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಣೆ ನಿಗದಿಯಾದಾಗ ಕಾರ್ಮಿಕರ ಮುಖಂಡ ಭರಮಣ್ಣ ಮನೆಗೆ ಬಂದ.

"ನೋಡವ್ವಾ, ಜಾಲರಿ ಯಾರು ತೆಗೆದ್ರು ಅನ್ನೋಕೆ ಸಾಕ್ಷಿ ಇಲ್ಲ. ನೀನು ಹಿಂಗೆ ಹೇಳು: ಕೈ ಒಳಗಿದ್ದಾಗ ನಿಂಗರಾಜನೇ ಸ್ವಿಚ್ ಹಾಕಿದ. ನಿನ್ನ ಗೆಳತಿ ಫಕ್ರುನ್ನೀಸಾ ಹೌದು ಅಂತಾಳೆ. ಆ ಬಡ್ಡಿಮಗ ಜೈಲಿಗೆ ಹೋಗ್ತಾನೆ."

"ಅವನು ಗೇಟಿನ ಹತ್ರ ಇದ್ನಲ್ರಿ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಸಾಹೇಬ್ರಿಗೆ ಗೊತ್ತಿಲ್ಲ."

ಮೂರು ದಿನ ಆ ಸುಳ್ಳು ಅವಳ ಬಾಯಲ್ಲಿ ಬೆಲ್ಲದಂತೆ ಕರಗಿತು. ಪಾತ್ರೆ ತಿಕ್ಕುತ್ತ ಅದನ್ನೇ ಹೇಳಿಕೊಂಡಳು, ಹೇಳಿಕೊಂಡಾಗಲೆಲ್ಲ ನಿಂಗರಾಜನಿಗೆ ಬೇಡಿ ಬೀಳುವುದು ಕಣ್ಣಿಗೆ ಕಟ್ಟುತ್ತಿತ್ತು. ಜೊತೆಗೇ ಕೆಲಸ ಮಾಡುವ ಗೆಳತಿ ಫಕ್ರುನ್ನೀಸಾ ದಿನವೂ ಬಂದು, "ಹೇಳೇ, ನಾನಿದೀನಿ" ಎನ್ನುತ್ತಿದ್ದಳು.

ವಿಚಾರಣೆಯ ದಿನ ಪ್ರಮಾಣ ಮಾಡಲು ಆರೋಗ್ಯಮ್ಮ ಬಲಗೈ ಎತ್ತಿದಳು. ಬೆರಳಿಲ್ಲದ ಕೈ ಕಂಡು ಅಧಿಕಾರಿ ಕಣ್ಣು ತಗ್ಗಿಸಿದರು. ಎದುರಿಗೆ ನಿಂಗರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಭರಮಣ್ಣ ಹೇಳಿಕೊಟ್ಟ ಸುಳ್ಳು ಅವಳ ನಾಲಿಗೆಯ ತುದಿಗೇರಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು: ಕೈ ಅಂತೂ ಇವನ ಪಾಲಾಯಿತು, ದೇವರ ಹೆಸರು ಹೇಳುವ ನಾಲಿಗೆಯನ್ನೂ ಇವನಿಗೇ ಕೊಡಬೇಕೇ?

"ಸ್ವಿಚ್ ಹಾಕಿದ್ದು ನಾನೇ ಸಾರ್. ಅವನು ಅಲ್ಲಿ ಇರಲಿಲ್ಲ. ಜಾಲರಿ ಇಲ್ದೇನೇ ನಡೆಸು ಅಂದಿದ್ದು ಮಾತ್ರ ಅವನು. ತೆಗೆದಿದ್ದು ನಾನಲ್ಲ."

ಭರಮಣ್ಣ ಹಣೆ ಚಚ್ಚಿಕೊಂಡು ಎದ್ದುಹೋದ. ನಿಂಗರಾಜ ಎಲ್ಲವನ್ನೂ ಅಲ್ಲಗಳೆದ.

ಹೊರಗೆ ಬೇವಿನ ಮರದ ಕೆಳಗೆ ಅವನು ಕೈಮುಗಿದು ಅಡ್ಡ ಬಂದ. "ದೊಡ್ಡ ಮನಸ್ಸು ನಿಂದು. ನನ್ನ ಉಳಿಸಿದೆ."

"ಕೈ ಇಳಿಸು" ಎಂದಳು ಆರೋಗ್ಯಮ್ಮ. "ನಿನ್ನ ಉಳಿಸೋಕಲ್ಲ ನಾನು ನಿಜ ಹೇಳಿದ್ದು. ನೀನು ಹಾಳಾಗು ಅಂತ ದಿನಾ ಬೇಡ್ಕೊಳ್ತೀನಿ, ನಾಳೇನೂ ಬೇಡ್ಕೊಳ್ತೀನಿ. ನಿನ್ನಂಗೆ ಸುಳ್ಳು ಹೇಳೋದು ಮಾತ್ರ ನಂಗೆ ಬ್ಯಾಡ. ಧೈರ್ಯ ಇದ್ರೆ ಒಳಗೋಗಿ ಜಾಲರಿ ಯಾರು ತೆಗ್ಸಿದ್ದು ಹೇಳು."

ಅವನು ಬೈಕ್ ಹತ್ತಿ ಹೋದ.

ಹರಿಹರದ ಬಸ್ಸಿನಲ್ಲಿ, ಸಾಕ್ಷಿಗೆಂದು ಜೊತೆಗೆ ಬಂದಿದ್ದ ಫಕ್ರುನ್ನೀಸಾ ಅವಳ ಪಕ್ಕ ಕೂರಲಿಲ್ಲ. ಎರಡು ಸೀಟು ಮುಂದೆ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದವಳು, ದಾರಿಯ ಬಾತಿ ಊರು ಹತ್ತಿರ ಬರುವಾಗ ಎದ್ದು ಬಂದು ಪಕ್ಕ ಕೂತಳು. ಕಣ್ಣು ಕೆಂಪಗಿದ್ದವು.

"ಜಾಲರಿ ಬಿಚ್ಚಿದೋಳು ನಾನು. ಹಿಂದಿನ ಸಂಜೆ ನಿಂಗರಾಜನೇ ಬೋಲ್ಟು ಬಿಚ್ಚೋ ಪಾನಾ ಕೊಟ್ಟು ಬಿಚ್ಸಿದ. ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಸುಳ್ಳು ಹೇಳಾಕೆ ಒಪ್ಪಿದ್ದೆ. ಆ ಸುಳ್ಳಿನಾಗೆ ಜಾಲರಿ ಮಾತೂ ಇರ್ಲಿಲ್ಲ, ನನ್ನ ಹೆಸರೂ ಬರ್ತಿರ್ಲಿಲ್ಲ ನೋಡು."

ಆರೋಗ್ಯಮ್ಮನ ಬಲಗೈ ತಾನಾಗಿ ಮೇಲೆದ್ದಿತು. ನಾಲ್ಕು ತಿಂಗಳ ಶಾಪವೆಲ್ಲ ಒಂದು ಗಳಿಗೆ ಹೆಸರು ಬದಲಿಸಿತು. ಗೆಳತಿ ಮುಖ ತಪ್ಪಿಸಲಿಲ್ಲ, ಏಟಿಗೆ ಕಾಯುತ್ತ ಕೂತಳು. ಹೊಡೆಯಲು ಅಲ್ಲಿ ಬೆರಳೂ ಇರಲಿಲ್ಲ. ಆ ಮೊಂಡುಗೈಯನ್ನೇ ಅವಳ ತೋಳಿಗೆ ಸಿಕ್ಕಿಸಿ ಜಗ್ಗಿ ಎಬ್ಬಿಸಿದಳು.

"ಇಳಿ. ಇದನ್ನ ಅಲ್ಲಿ ಬಂದು ಹೇಳ್ತೀಯ?"

"ಹೇಳ್ತೀನಿ."

ಬಾತಿಯಲ್ಲಿ ಇಳಿದು ರಸ್ತೆ ದಾಟಿ ದಾವಣಗೆರೆಯ ಬಸ್ಸು ಹಿಡಿದರು. ಕಚೇರಿ ಮುಚ್ಚುವ ಮೊದಲೇ ಫಕ್ರುನ್ನೀಸಾಳ ಹೇಳಿಕೆಗೆ ಸಹಿ ಬಿತ್ತು. ಜಾಲರಿ ಬಿಚ್ಚಿದ ಸಂಜೆ ನಿಂಗರಾಜನಿಗೆ ಪಾನಾ ತಂದುಕೊಟ್ಟಿದ್ದ, ಕಾರ್ಖಾನೆಯ ಸ್ಟೋರಿನ ಮಕ್ತುಮ್ ಸಾಬ್ ವಾರದೊಳಗೆ ತಾನೂ ಬಂದು ಹೌದೆಂದ. ಪ್ರಕರಣ ಪೊಲೀಸರಿಗೆ ಹೋಯಿತು.

ನಿಂಗರಾಜನನ್ನು ಜೀಪಿಗೆ ಹತ್ತಿಸಿದ ದಿನ ಆರೋಗ್ಯಮ್ಮ ಕಾರ್ಖಾನೆಯ ಗೇಟಿನ ಎದುರು ನಿಂತು ಕಣ್ತುಂಬ ನೋಡಿದಳು. ಅವನು ತಲೆ ತಗ್ಗಿಸಿದರೂ ಅವಳು ಮುಖ ತಿರುಗಿಸಲಿಲ್ಲ. ಇಷ್ಟು ಖುಷಿಪಡುವುದು ತಪ್ಪೇನೋ ಅನ್ನಿಸಿತು. ಆದರೂ ಜೀಪು ಮರೆಯಾಗುವವರೆಗೆ ಕದಲಲಿಲ್ಲ.

ಅದೇ ವಾರ ಫಕ್ರುನ್ನೀಸಾಳ ಕೆಲಸವೂ ಹೋಗಿತ್ತು. ಬಸ್ಸಿನ ಆ ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದ ಆರೋಗ್ಯಮ್ಮ ಸಂಜೆ ಅವಳ ಹೊಸ್ತಿಲಲ್ಲಿ ಹೋಗಿ ನಿಂತಳು.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ" ಎಂದಳು. "ಒಳಗೆ ಕರಿ. ಚಾ ಮಾಡು."