ಆರನೆಯ ಉಂಗುರ

ಐದನೆಯ ಉಂಗುರವನ್ನು ಗಾಳದ ಕೋಲಿನ ತುದಿಯ ಕಡೆಗೆ ಒಂದು ಬೆರಳಷ್ಟು ಸರಿಸಿ ಮಗಳು ಆರನೆಯದಕ್ಕೆ ಕೈ ಹಾಕುತ್ತಿದ್ದಂತೆ, ಚಿಕ್ಕಪ್ಪ ಕೆಲಸದ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

“ಏನಮ್ಮ ಇದು? ಅಪ್ಪ ಆಚೆ ಮಲಗಿದಾನೆ, ನೀನಿಲ್ಲಿ ಕೆಲಸ ಹಚ್ಕೊಂಡು ಕೂತಿದೀಯಾ?”

“ಐದೇ ನಿಮಿಷ, ಚಿಕ್ಕಪ್ಪ.”

“ಸ್ಮಶಾನದ ಗಾಡಿ ಮೂರು ಗಂಟೆಗೆ ಬರುತ್ತೆ. ದೋಣಿಯವನು ಆ ಕೋಲು ಕೇಳ್ತಿದಾನೆ. ಅವನೇ ಹೇಳಿ ಮಾಡಿಸಿದ್ದಂತಲ್ಲ. ಮೇಸ್ತ್ರಿಯ ಕೊನೇ ಕೆಲಸ, ಎಲ್ಲರೂ ಒಂದ್ಸಲ ಬಗ್ಗಿಸಿ ನೋಡ್ಬೇಕಂತೆ.”

“ಇನ್ನೂ ಮುಗಿದಿಲ್ಲ.”

“ಮುಗಿಸೋನೇ ಮುಗಿದುಹೋದ.” ಆಡಿದ ಮೇಲೆ ಮಾತು ಒರಟಾಯಿತೆಂದು ಅವರಿಗೇ ಅನ್ನಿಸಿರಬೇಕು, ದನಿ ತಗ್ಗಿಸಿದರು. “ನೋಡು, ರೇಡಿಯೋ ರಿಪೇರಿಯವನೂ ಬಂದಿದಾನೆ. ಬರೋ ತಿಂಗಳಿಂದ ಈ ಕೋಣೆ ತಗೋತೀನಿ ಅಂದ. ಆಗಲಿ ಅಂದೆ. ಮೇಸ್ತ್ರಿನೇ ಇಲ್ಲದ ಮೇಲೆ ನಿನ್ನ ಹತ್ರ ಯಾರು ಕೋಲು ಮಾಡಿಸ್ತಾರೆ ಹೇಳು? ನೂಲು ಸುತ್ತೋದೊಂದೇ ಕಲಿತ್ರೆ ಆಯ್ತಾ?”

ಅವಳು ಕೋಲನ್ನು ಕಣ್ಣಿನ ನೇರಕ್ಕೆ ಹಿಡಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಮೂರು ರಾತ್ರಿಗಳು ಭುಜದಲ್ಲಿ, ಮೊಣಕಾಲಲ್ಲಿ, ಕಣ್ಣುರೆಪ್ಪೆಯಲ್ಲಿ ಕಲ್ಲಿನಂತೆ ಕುಳಿತಿದ್ದವು. ಉಂಗುರಗಳನ್ನು ನೂಲು ಸುತ್ತಿ ಬಿಗಿಯುವುದು, ಅದರ ಮೇಲೆ ವಾರ್ನಿಷ್ ಹಚ್ಚುವುದು: ಊರು ಬಲ್ಲಂತೆ ಅವಳ ಕೆಲಸ ಇಷ್ಟೇ. ಉಂಗುರಗಳ ಜಾಗ ಗೊತ್ತುಮಾಡುವುದು ಮೇಸ್ತ್ರಿಯಾಗಿದ್ದ ಅಪ್ಪನದು.

“ಬೇಗ ತಗೊಂಡು ಬಾ,” ಎಂದು ಚಿಕ್ಕಪ್ಪ ಹೊರಟುಹೋದರು.

*

ಗಾಳದ ಕೋಲಿಗೆ ಉಂಗುರ ಕೂರಿಸುವುದು ಅಳತೆಪಟ್ಟಿಯಿಂದ ಆಗುವ ಕೆಲಸವಲ್ಲ ಎಂಬುದು ಮೇಸ್ತ್ರಿಯ ನಂಬಿಕೆ. ಬುಡದ ಬಳಿ ಅಗಲವಾದದ್ದು, ತುದಿಗೆ ಹೋದಂತೆಲ್ಲ ಕಿರಿದಾದದ್ದು, ಹಗುರಾದದ್ದು. ಆಯ್ಕೆಯ ಇಷ್ಟು ಪಾಠ ಯಾರಿಗಾದರೂ ತಿಳಿದೀತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂತರವೆಷ್ಟು ಎಂಬುದನ್ನು ಮಾತ್ರ ಕೋಲೇ ಹೇಳಬೇಕು. ಅದಕ್ಕೆಂದೇ ಅವರು ಉಂಗುರಗಳನ್ನು ಮೊದಲು ಬರಿಯ ಅಂಟುಪಟ್ಟಿಯಲ್ಲಿ ನಿಲ್ಲಿಸಿ, ದಾರ ಪೋಣಿಸಿ, ದಾರದ ಕೊನೆಗೆ ಮರಳಿನ ಚೀಲ ತೂಗುಹಾಕಿ ಕೋಲನ್ನು ಬಗ್ಗಿಸುತ್ತಿದ್ದರು. ಬಾಗಿದ ಮೈಯ ಜೊತೆಜೊತೆಗೇ ದಾರ ಸಾಗಿದರೆ ಉಂಗುರ ಸರಿಯಾಗಿ ಕೂತಿತೆಂದು ಅರ್ಥ. ಎಲ್ಲಾದರೂ ದಾರ ಮೈ ಬಿಟ್ಟು ಅಡ್ಡ ಹಾಯ್ದರೆ, ದೊಡ್ಡ ಮೀನು ಸಿಕ್ಕ ದಿನ ಕೋಲು ಅಲ್ಲೇ ಮುರಿಯುತ್ತದೆ.

“ಕೂಡುಕುಟುಂಬ ಇದ್ದ ಹಾಗೆ,” ಎಂದು ಗಿರಾಕಿಗಳಿಗೆ ಹೇಳುವರು. “ಭಾರ ಎಲ್ಲರೂ ಹೊರಬೇಕು. ಒಬ್ಬನ ತಲೆ ಮೇಲೆ ಬಿತ್ತೋ, ಮನೆ ಮುರೀತು.”

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟ ಮುಗಿಸಿ ಅವರು ಕೆಲಸದ ಕೋಣೆಯ ಮಂಚದ ಮೇಲೆ ಅಡ್ಡಾಗಿದ್ದರು. ನೂಲು ಸುತ್ತಲು ಕುಳಿತ ಮಗಳು ಯಾಕೋ ಒಮ್ಮೆ ಕೋಲನ್ನು ಬಗ್ಗಿಸಿ ನೋಡಿದಳು. ದಾರ ಎರಡು ಕಡೆ ಮೈ ಬಿಟ್ಟಿತ್ತು. ಅವರು ಕೋಲನ್ನು ಮೂಗಿನ ಹತ್ತಿರ ಹಿಡಿದು ನೋಡತೊಡಗಿ ಆಗಲೇ ಆರು ತಿಂಗಳಾಗಿತ್ತು. ಎಬ್ಬಿಸಿ ಹೇಳೋಣವೆಂದರೆ ಬಾಯಿ ಬರಲಿಲ್ಲ. ಸದ್ದಾಗದಂತೆ ಅಂಟುಪಟ್ಟಿ ಬಿಡಿಸಿ, ಎರಡು ಉಂಗುರ ಸರಿಸಿ ನೂಲು ಸುತ್ತಿಬಿಟ್ಟಳು. ಮುಂದಿನ ಕೋಲಿಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಒಂದು ಸುಳ್ಳನ್ನೂ ಆಡದೆ ಅಪ್ಪನಿಗೆ ಮೋಸ ಮಾಡುತ್ತಿದ್ದೇನೆ ಎಂಬ ಅಳುಕು ಅವಳಿಗೆ ಅಂಟಿಕೊಂಡದ್ದು ಅಂದಿನಿಂದ.

*

ಗೋಡೆಯಾಚೆಯ ಮಾತು ಕೆಲಸದ ಕೋಣೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಕೊನೇ ಮೂರು ವರ್ಷದ್ದೇ ಮೇಸ್ತ್ರಿಯ ಕೆಲಸ ಅಂದ್ರೆ ಕೆಲಸ,” ಎನ್ನುತ್ತಿದ್ದ ದೋಣಿಯವನು. “ವಯಸ್ಸಾದ ಹಾಗೆ ಕೈ ಮಾಗಿತ್ತು. ಹೋದ ವರ್ಷ ಮಾಡಿಸ್ಕೊಂಡ ನನ್ನ ಕೋಲು ನೋಡಿ, ಎಂಥ ಮೀನು ಜಗ್ಗಿದ್ರೂ ಬಾಗುತ್ತೇ ಹೊರತು ಗೊಣಗಲ್ಲ.”

“ನಿನ್ನ ಮೀನು ಬಿಡಪ್ಪ, ಹೇಳ್ತಾ ಹೇಳ್ತಾ ಬೆಳೆಯೋ ಜಾತಿ ಅದು,” ಎಂದ ಅಂಚೆಯವನು. “ಹಿಡಿದ ದಿನ ಮೊಳದುದ್ದ ಇತ್ತು, ಈಗ ಮಾರುದ್ದ ಆಗಿದೆ.”

ಒಂದಿಬ್ಬರು ನಕ್ಕು, ಬಿಳಿಯ ಬಟ್ಟೆ ಹೊದಿಸಿದ ದೇಹದತ್ತ ನೋಡಿ ನಗು ನುಂಗಿಕೊಂಡರು.

“ಇನ್ನೆಲ್ಲಿ ಅಂಥ ಕೈ. ಈ ಮನೇಲಿ ಆ ಕೆಲಸ ಮುಗೀತು ಬಿಡಿ,” ಎಂದಿತು ಮತ್ತೊಂದು ದನಿ.

ತಾಯಿ ಒಳಗೆ ಬಂದು ಮಂಚದ ಅಂಚಿಗೆ ಕುಳಿತಳು.

“ಬಿಡೇ, ಸಾಕು. ಮೂರು ರಾತ್ರಿಯಿಂದ ನಿದ್ದೆ ಇಲ್ಲ ನಿಂಗೆ.”

“ಹೀಗೇ ತಗೊಂಡು ಹೋದ್ರೆ ಒಂದೇ ಸಲ ಬಗ್ಗಿಸಿದ್ರೆ ಸಾಕಮ್ಮ, ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಅಪ್ಪನ ಕಣ್ಣು...” ನಾಲಗೆ ಕಚ್ಚಿಕೊಂಡಳು.

“ಕಣ್ಣು ಹೋಗಿತ್ತು ಅಂತ ತಾನೆ? ಹೇಳು. ನಲವತ್ತೈದು ವರ್ಷ ಬಡಿಸಿದೋಳಿಗೆ, ತಟ್ಟೆ ತಡಕೋ ಕೈ ಗೊತ್ತಾಗಲ್ವಾ?”

“ಹಾಗಿದ್ರೆ ನಾನು ಉಂಗುರ ಸರಿಸ್ತಿದ್ದದ್ದು?”

“ನನಗಿಂತ ಮೊದಲು ಅವರಿಗೇ ಗೊತ್ತಿತ್ತು.”

ಮಗಳು ಕೋಲನ್ನು ತೊಡೆಯ ಮೇಲೆ ಇಳಿಸಿದಳು.

“ನಿಮ್ಮಪ್ಪನ ಗೊರಕೆಗೆ ಪಕ್ಕದ ಮನೆಯೋರು ಕಿಟಕಿ ಹಾಕ್ಕೊಳ್ತಿದ್ರು. ಮಧ್ಯಾಹ್ನ ಈ ಮಂಚದ ಮೇಲೆ ಮಲಗಿದಾಗ ಒಂದಿನ ಗೊರಕೆ ಕೇಳಿದೀಯಾ, ಮೂರು ವರ್ಷದಲ್ಲಿ?” ತಾಯಿ ಚಾದರದ ಸುಕ್ಕನ್ನು ಅಂಗೈಯಿಂದ ನೀವಿದಳು. “ಒಂದಿನ ಕೇಳೇಬಿಟ್ಟೆ, ನಿದ್ದೆ ಬರದಿದ್ದ ಮೇಲೆ ಯಾಕೆ ಕಣ್ಮುಚ್ಕೊಂಡು ಬಿದ್ದಿರ್ತೀರಿ ಅಂತ. ‘ಎದ್ದರೆ ಹುಡುಗಿ ಕೈ ನಿಲ್ಲಿಸಿಬಿಡ್ತಾಳೆ’ ಅಂದ್ರು. ಅವಳಿಗೆ ಒಂದು ಮಾತು ಹೇಳಬಾರದಾ ಅಂದ್ರೆ, ‘ಹೇಳ್ತೀನಿ, ನಾಳೆ ಹೇಳ್ತೀನಿ.’ ಎಷ್ಟು ನಾಳೆ! ಹಟಮಾರಿ ಮುದುಕ.”

ತಾಯಿ ಮೂಗೊರೆಸಿಕೊಂಡು ಎದ್ದಳು. “ಕೇಳ್ತಿದಾರಲ್ಲ, ಕೊಡು ಹೋಗು. ಹೇಗಿದೆಯೋ ಹಾಗೇ. ಗೊತ್ತಾದ್ರೆ ಗೊತ್ತಾಗ್ಲಿ.”

*

ಮಗಳು ಕೋಲನ್ನು ಹೊರಗೆ ತಂದಳು. ಅಂಗಾಲು ನೆಲವನ್ನು ಮುಟ್ಟುತ್ತಿದೆಯೋ ಇಲ್ಲವೋ ತಿಳಿಯದಷ್ಟು ದಣಿವು. ದೋಣಿಯವನು ಬುಡ ಹಿಡಿದ. ಅಂಚೆಯವನು ದಾರದ ಕೊನೆಯನ್ನು ಮುಂಗೈಗೆ ಸುತ್ತಿ ಜಗ್ಗಿದ. ಕೋಲು ಬಾಗಿತು. ಬುಡದಿಂದ ಐದನೆಯ ಉಂಗುರದವರೆಗೆ ದಾರ ಕೋಲಿನ ಮೈ ಹಿಡಿದು ಬಂದು, ಆರನೆಯದರಿಂದ ಮುಂದೆ ಅಡ್ಡ ಹಾಯ್ದಿತ್ತು. ಅಲ್ಲಿದ್ದವರೆಲ್ಲ ಮೇಸ್ತ್ರಿಯ ಗಿರಾಕಿಗಳೇ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಇದೇನಿದು...” ದೋಣಿಯವನ ದನಿ ಇಳಿಯಿತು. “ಆರನೇದು ಯಾಕೆ ಹೀಗೆ?”

“ಆರು, ಏಳು ಅಪ್ಪ ಕೂರಿಸಿದ ಹಾಗೇ ಇದಾವೆ,” ಎಂದಳು. “ಅದಕ್ಕಿಂತ ಕೆಳಗಿನವು ನಾನು ಸರಿಸಿದ್ದು.”

“ನೀನಾ?”

“ಹೂಂ.”

“ಮತ್ತೆ ನನ್ನ ಕೋಲು? ಹೋದ ವರ್ಷದ್ದು?”

“ಅದೂ. ಮೂರು ವರ್ಷದಿಂದ ಎಲ್ಲವೂ.”

“ಏನು ಮಾತು ಅಂತ ಆಡ್ತೀಯಾ, ಅಪ್ಪನ ಮುಂದೆ?” ಚಿಕ್ಕಪ್ಪ ಕನಲಿದರು.

“ಅಪ್ಪನಿಗೆ ಗೊತ್ತಿತ್ತು, ಚಿಕ್ಕಪ್ಪ.”

ಅವರು ಅತ್ತಿಗೆಯ ಮುಖ ನೋಡಿದರು. ತಾಯಿ ಹೌದೆಂದು ತಲೆಯಾಡಿಸಿದಳು.

ದೋಣಿಯವನು ಒಮ್ಮೆ ದೇಹದ ಕಡೆ ನೋಡಿದ, ಒಮ್ಮೆ ಅವಳ ಕೈಗಳ ಕಡೆ ನೋಡಿದ. ಕೋಲನ್ನು ಇಳಿಸಲಿಲ್ಲ. “ಅಂಚೆಯವನೇ, ಸಡಿಲ ಬಿಡಬೇಡ,” ಎಂದು ಹಿಡಿತ ಬಿಗಿಮಾಡಿದ. “ಇದು ನನ್ನ ಕೋಲು. ಎಷ್ಟು ಬಗ್ಗಿಸ್ಲಿ, ನೀನೇ ಹೇಳಮ್ಮ.”

“ಇನ್ನೊಂಚೂರು. ಸಾಕು, ಹಾಗೇ ಹಿಡ್ಕೊಳ್ಳಿ.”

ಚಿಕ್ಕಪ್ಪ ರೇಡಿಯೋ ರಿಪೇರಿಯವನ ತೋಳು ಮುಟ್ಟಿ, “ಕೋಣೆ ವಿಷಯ ಸದ್ಯಕ್ಕೆ ಬೇಡ,” ಎಂದರು.

ಹೊರಗೆ ಗಾಡಿ ಬಂದು ನಿಂತಿತು. ಅದು ಎಷ್ಟು ಹೊತ್ತು ಕಾಯಿತೆಂಬುದನ್ನು ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಯಾರೂ ಎದ್ದು ಹೋಗಲಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಮಗಳು ಅಪ್ಪನ ತಲೆಯ ಬಳಿ ನೆಲಕ್ಕೆ ಮೊಣಕಾಲೂರಿದಳು. ಆರನೆಯ ಉಂಗುರದ ಅಂಟುಪಟ್ಟಿಯನ್ನು ಒಮ್ಮೆಗೇ ಕಿತ್ತರೆ ಚರ್ರೆಂದು ಸದ್ದಾಗುತ್ತದೆ. ಅವಳು ಹೆಬ್ಬೆರಳಿನಿಂದ ಅದನ್ನು ಒತ್ತಿಹಿಡಿದು, ಎಳ್ಳುಕಾಳಿನಷ್ಟೇ ಎಳ್ಳುಕಾಳಿನಷ್ಟೇ ಬಿಡಿಸುತ್ತ, ಓರೆಗಣ್ಣಿನಿಂದ ಆ ಮುಚ್ಚಿದ ರೆಪ್ಪೆಗಳನ್ನು ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದ ಅಂಚೆಯವನು ಅವಳನ್ನು ಕಂಡು ಸುಮ್ಮನಾದ. ಬಾಗಿಲ ಬಳಿ ನಿಂತಿದ್ದವರು ಸದ್ದಾಗದಂತೆ ಕಾಲು ಬದಲಿಸಿದರು.