ಯಾರೂ ಕರೆಯದ ಸೀತನಿ

ಐಶ್ವರ್ಯಾ ಇಡೀ ಕ್ಲಾಸಿಗೆ ಮಾತು ಕೊಟ್ಟುಬಿಟ್ಟಿದ್ದಳು. ವಿದ್ಯಾನಗರದ ಕಾಲೇಜಿನಿಂದ ನಲವತ್ತೆರಡು ಜನ, ರವಿವಾರ, ಉಪ್ಪಿನಬೆಟಗೇರಿ ಹತ್ತಿರ ಅವಳ ಅಜ್ಜಿ ಶರಣವ್ವನ ಹೊಲದಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ತಿಕ್ಕಿ, ಶೇಂಗಾ ಚಟ್ನಿ ಹಚ್ಚಿ ಮುಕ್ಕುವುದು. ಇದರಲ್ಲಿ ಕಾನೂನು ಎಲ್ಲಿಂದ ಬರಬೇಕು?

ಬಂತು, ಗುರುವಾರವೇ. ಹೊಲದ ಬದುವಿಗೆ ಹತ್ತಿಕೊಂಡೇ ಅರಣ್ಯ ಇಲಾಖೆ ಕಾಯ್ದಿಟ್ಟ ಗುಡ್ಡ. ಎರಡು ಸಾವಿರದ ಆರನೇ ಇಸವಿ ಹುಟ್ಟುತ್ತಲೇ ಗುಡ್ಡದ ಮಗ್ಗುಲಿನ ಕೆಲವು ಹೊಲಗಳನ್ನೂ ರಕ್ಷಿತ ಪಟ್ಟಿಗೆ ಸೇರಿಸಿದ್ದರು. ‘ಅನುಮತಿ ಇಲ್ಲದೆ ಹೊರಾಂಗಣ ಮನರಂಜನೆ ನಿಷಿದ್ಧ’ ಎಂದಿತ್ತು ನೋಟೀಸು.

ಶನಿವಾರ ಹೊಲದ ಹತ್ತಿರ ಜೀಪಿನಿಂದ ಅರಣ್ಯ ಅಧಿಕಾರಿ ಕುಮಾರಸ್ವಾಮಿ ಇಳಿದರು, ಜೊತೆಗೆ ಡ್ರೈವರ್ ಅಮೀನಸಾಬ. ಐಶ್ವರ್ಯಾ ಬಾಯಿ ತೆರೆಯುವಷ್ಟರಲ್ಲಿ ಶರಣವ್ವ ಇಬ್ಬರ ಕೈಯಲ್ಲೂ ಬಿಸಿ ಸೀತನಿ ಸುರಿದಾಗಿತ್ತು.

“ಆಯೀ, ತಪಾಸಣಿಗೆ ಬಂದಾರ ಅವರು!” ಎಂದಳು ಐಶ್ವರ್ಯಾ ಅಜ್ಜಿಗೆ.

“ತಪಾಸಣಿ ಮಾಡಾವ್ರಿಗೆ ಹೊಟ್ಟಿ ಇರೂದಿಲ್ಲೇನ? ಕುಂಡರ್ರಿ ಸಾಹೇಬ್ರ.”

ಮೂರು ಮುಕ್ಕು ತಿಂದ ಮೇಲೆ ಕುಮಾರಸ್ವಾಮಿ ಫಾರ್ಮ್ ತೆಗೆದರು. “ತಪಾಸಣೆಯ ವೇಳೆ ಮನರಂಜನೆಯಲ್ಲಿ ತೊಡಗಿದ್ದವರು ಎಷ್ಟು ಮಂದಿ...” ಓದುತ್ತ ಓದುತ್ತ ಅಗಿಯುವುದನ್ನು ನಿಲ್ಲಿಸಿದರು.

“ನಾವ ಇಬ್ಬರರಿ ಸರ,” ಎಂದ ಅಮೀನಸಾಬ.

“ನೀ ಸುಮ್ನ ಕುಂಡ್ರೋ ಮಾರಾಯಾ.” ಅವರು ಗಡಿಬಿಡಿಯಿಂದ ಪುಟ ತಿರುವಿದರು. “ಪದ್ಧತಿ ಆದ್ರ ಅನುಮತಿ ಬ್ಯಾಡಂತ. ಕಾರ್ಯಕ್ರಮ ಆದ್ರ ಬೇಕು, ಮೂವತ್ತು ದಿವಸ ಮೊದಲ. ಯಾರನ್ನರ ಕರದೀ ಏನವಾ?”

“ನಲವತ್ತೆರಡು ಮಂದೀನ್ರಿ,” ಎಂದಳು ಐಶ್ವರ್ಯಾ.

“ಮುಗೀತ. ಕಾರ್ಯಕ್ರಮ.”

“ನಾ ಏನ್ ಯಾರನ್ನೂ ಕರದಿಲ್ಲಪಾ,” ಎಂದಳು ಶರಣವ್ವ. “ಹಾದ್ಯಾಗ ಹೊಂಟವರು ಕಂಡ್ರ ಬರ್ರಿ ಅಂತ ಒದರತೀನಿ. ನಮ್ಮ ಅತ್ತೀನೂ ಹಂಗ ಮಾಡತಿದ್ದಳು.”

“ಅದು ಪದ್ಧತಿ!” ಕುಮಾರಸ್ವಾಮಿಯವರ ಮುಖ ಅರಳಿತು. “ಹಾದ್ಯಾಗ ಹೊಂಟವರು ಎಷ್ಟು ಮಂದಿ ಇದ್ರೂ ನಡೀತೈತಿ. ಕರದವರು ಬರಬಾರದು, ಅಷ್ಟ.”

ಕರೆದವರನ್ನು ಈಗ ಕರೆಯದಿದ್ದವರನ್ನಾಗಿ ಮಾಡುವುದು ಹೇಗೆ? ಐಶ್ವರ್ಯಾ ಬದುವಿನ ಕಲ್ಲು ಹತ್ತಿದಳು. ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಎಲ್ಲರಿಗೂ ಮೆಸೇಜ್ ಕಳಿಸಿದಳು: ‘ನಿಮ್ಮನ್ನ ಯಾರೂ ಕರದಿಲ್ಲ. ನಾಳೆ ಹತ್ತಕ್ಕ ಸುಮ್ನ ಹಾದಿ ಹಿಡದು ಹೋಗ್ರಿ. ನಮ್ಮ ಹೊಲದ ಕಡೆ ನೋಡಬ್ಯಾಡ್ರಿ.’

ಗೆಳತಿ ಸುಕನ್ಯಾಳ ಉತ್ತರ ಬಂತು: ‘ಸಿಟ್ಟಾಗೀ ಏನ?’

ರವಿವಾರ ಹತ್ತಕ್ಕೆ ನಲವತ್ತೆರಡು ಜನ ತಲೆ ತಗ್ಗಿಸಿ, ಹೆಣದ ಹಿಂದೆ ಹೊರಟವರ ಹಾಗೆ, ಹಾದಿಯಲ್ಲಿ ಬಂದರು.

“ಆಯೀ, ಒದರ, ಲಗೂ ಒದರ!”

“ತಡಿಯವಾ, ತೆನಿ ಹೊತ್ತತಾವು.” ಶರಣವ್ವ ಹೊಗೆಯಲ್ಲಿ ಕಣ್ಣೊರೆಸುತ್ತ ಕೆಂಡದ ಕುಣಿಯೊಳಗೇ ಬಗ್ಗಿದ್ದಳು.

ತಾನೇ ಕೂಗಲೇ? ತಾನು ಕೂಗಿದರೆ ಅದು ಪದ್ಧತಿಯೋ ಕಾರ್ಯಕ್ರಮವೋ? ಎತ್ತಿದ ಕೈಯನ್ನು ಐಶ್ವರ್ಯಾ ತಲೆ ಕೆರೆಯುವಂತೆ ಇಳಿಸಿದಳು. ಅಷ್ಟರಲ್ಲಿ ಸಾಲು ತಿರುವು ದಾಟಿತು. ಆಚೆಯಿಂದ ನೆರೆಹೊಲದ ಮುರಿಗೆವ್ವನ ಗಂಟಲು ಕೇಳಿತು: “ಯಾರ ಮಕ್ಕಳರ‍್ಯೋ ನೀವು? ಬರ್ರಿ, ಸೀತನಿ ತಿಂದು ಹೋಗ್ರಿ!”

ಐಶ್ವರ್ಯಾ ಓಡಿದಳು. ರಕ್ಷಿತ ಪಟ್ಟಿಯಲ್ಲೇ ಇಲ್ಲದ ಆ ಹೊಲದಲ್ಲಿ ನಲವತ್ತೆರಡೂ ಬಾಯಿ ತುಂಬಿದ್ದವು.

“ಐಶೂ, ನಿಮ್ಮ ಹೊಲಾ ಭಾಳ ಛಲೋ ಐತಲೇ!” ಎಂದಳು ಸುಕನ್ಯಾ.

ಮುರಿಗೆವ್ವ ಐಶ್ವರ್ಯಾಳನ್ನು ಮೇಲಿಂದ ಕೆಳಗೆ ನೋಡಿದಳು. “ಏನವಾ ಶರಣವ್ವನ ಮೊಮ್ಮಗಳ, ನೀನೂ ಹಾದ್ಯಾಗ ಹೊಂಟಿದ್ದೇನ?”

“ಹೂಂರಿ ಅಮ್ಮಾ,” ಎಂದು ಐಶ್ವರ್ಯಾ ಕೈಯೊಡ್ಡಿ ಕುಳಿತಳು.